ಉಣ್ಣೆ ಕೊಡೋ ಆಡು ತರಬೇಕಾ? ಚಿಕ್ಕೋಡಿ ಸೀಮೆಯ ಸಣ್ಣ ರೈತನ ಮನೆ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರೈತ ಮನೆಗಳಲ್ಲಿ ಆಡು ಹೊಸದಲ್ಲ. ಆದರೆ ಮಾಂಸಕ್ಕಲ್ಲ, ಹಾಲಿಗಲ್ಲ, ಕೂದಲಿಗಾಗಿ ಆಡು ಸಾಕಬಹುದಾ ಎಂಬುದು ಹೊಸ ಪ್ರಶ್ನೆ. ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಇವತ್ತಿನ ಮಾತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ರಾಯಬಾಗ ಕಡೆಯ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡು ಎಕರೆ ಕಬ್ಬು, ಒಂದು ಎಮ್ಮೆ, ಹಿತ್ತಲಲ್ಲಿ ನಾಲ್ಕು ಆಡು. ಮನೆಯ ಮಗ ಮೊಬೈಲ್‌ನಾಗ ಒಂದು ವಿಡಿಯೊ ನೋಡಿದಾನ. ಬೆಳ್ಳಗೆ, ಗುಂಗುರು ಗುಂಗುರು ಕೂದಲಿನ ಆಡು. ವಿದೇಶದಲ್ಲಿ ಒಂದು ಕುಟುಂಬ ಅದರ ಕೂದಲು ಕತ್ತರಿಸಿ, ನೂತು, ಮಾರಿ ಬದುಕ್ತಿದೆ. ‘ಅವ್ವಾ, ಕಬ್ಬಿನ ಬಿಲ್ ಬಂದ ಮ್ಯಾಲೆ ಇಂಥಾವು ಎರಡು ತರೋಣು’ ಅಂತಾನ. ಅವ್ವ ಒಂದೇ ಮಾತು ಕೇಳ್ತಾಳ: ‘ತಂದ್ರ ತರೂಣಪಾ. ಆದ್ರ ಆ ಕೂದಲಾ ಕೊಳ್ಳಾವ್ರು ಯಾರು?’

ನೋಡ್ರಿ, ಇಡೀ ವಿಷಯ ಆ ಅವ್ವನ ಪ್ರಶ್ನೆಯಲ್ಲೇ ಇದೆ. ಆದರೂ ಮಗನ ಆಸೆಯನ್ನು ನಕ್ಕು ತಳ್ಳಿಹಾಕೋದು ಬೇಡ. ಕಬ್ಬಿನ ಬಿಲ್ಲೊಂದನ್ನೇ ನಂಬಿಕೊಂಡ ಮನೆಗೆ ಇನ್ನೊಂದು ಆದಾಯ ಬೇಕು ಅನ್ನೋದು ಸರಿಯಾದ ಯೋಚನೆ. ಹಾಗಾಗಿ ಒಂದೊಂದೇ ಗಂಟು ಬಿಚ್ಚೋಣ.

ಒಂದೇ ಅನ್ನಿಸೋ ಮೂರು ಬೇರೆ ಬೇರೆ ಉಣ್ಣೆ

ಮೊದಲನೆಯದು, ಹೆಸರಿನ ಗೊಂದಲ. ಅಂಗೋರಾ, ಮೊಹೇರ್, ಪಶ್ಮೀನಾ ಅಂತ ಮೂರು ಮಾತು ಕೇಳಿರ್ತೀರಿ. ಬಹಳ ಜನ ಮೂರೂ ಒಂದೇ ಅಂದುಕೊಂಡಿದ್ದಾರೆ. ಅಲ್ಲ.

ಅಂಗೋರಾ ಅನ್ನೋ ಹೆಸರಿನ ಆಡು ಇದೆ. ಟರ್ಕಿ ದೇಶದ ಅಂಕಾರಾ ಊರಿನಿಂದ ಬಂದ ಹೆಸರು ಅದು. ಈ ಆಡು ಕೊಡೋ ಕೂದಲಿಗೆ ಮೊಹೇರ್ ಅಂತಾರೆ. ಆದರೆ ಪೇಟೆಯಲ್ಲಿ ‘ಅಂಗೋರಾ ಉಣ್ಣೆ’ ಅಂತ ಮಾರೋದು ಆಡಿನದಲ್ಲ, ಅದು ಅಂಗೋರಾ ಮೊಲದ್ದು. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಕಡೆ ಆ ಮೊಲ ಸಾಕ್ತಾರೆ. ಮೂರನೆಯದು ಪಶ್ಮೀನಾ. ಅದು ಲಡಾಖಿನ ಚಾಂಗ್‌ಥಾಂಗ್ ಎತ್ತರದ ಬಯಲಲ್ಲಿ ಸಾಕೋ ಚಾಂಗ್‌ಥಾಂಗಿ ಆಡಿನದು.

ಪಶ್ಮೀನಾ ನಮ್ಮ ಕಡೆ ಯಾಕೆ ಆಗಲ್ಲ ಅನ್ನೋದನ್ನ ತಿಳಿದುಕೊಂಡರೆ ಅರ್ಧ ಗೊಂದಲ ಹೋಗ್ತದೆ. ಆಡಿನ ಮೈಮೇಲೆ ಎರಡು ಥರ ಕೂದಲಿರ್ತದೆ. ಮೇಲೆ ಕಾಣೋದು ಒರಟು ಕೂದಲು. ಅದರ ಬುಡದಲ್ಲಿ, ಚರ್ಮಕ್ಕೆ ಅಂಟಿಕೊಂಡಂತೆ, ಹತ್ತಿಯಂಥ ಮೆತ್ತನೆಯ ಒಳಗೂದಲು. ಪಶ್ಮೀನಾ ಅಂದ್ರ ಆ ಒಳಗೂದಲು. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತಿಟ್ಟುಕೊಂಡರೆ ಇದು 12ರಿಂದ 14 ಮೈಕ್ರಾನ್ ಮಾತ್ರ. ಹಗಲು ಚಿಕ್ಕದಾಗ್ತಾ ಬಂದಾಗ ಅದು ಬೆಳೀತದೆ, ಚಳಿಗಾಲ ಮುಗಿದ ಮೇಲೆ ತಾನಾಗೇ ಉದುರ್ತದೆ. ಆಗ ಬಾಚಣಿಗೆಯಿಂದ ಬಾಚಿ ತೆಗೀತಾರೆ. ಒಂದು ಆಡಿಗೆ ವರ್ಷಕ್ಕೆ ಕಾಲು ಕಿಲೋ ಸಿಕ್ಕರೆ ಹೆಚ್ಚು. ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯೋ ಚಳಿಯಲ್ಲಿ ತಲೆಮಾರುಗಟ್ಟಲೆ ಬದುಕಿ ಬಂದ ತಳಿ ಅದು. ನಮ್ಮ ಚಿಕ್ಕೋಡಿಯ ಡಿಸೆಂಬರ್ ಚಳಿ ಒಂದು ಸ್ವೆಟರ್‌ಗೆ ಹೆದರಿ ಓಡ್ತದೆ. ಅಂಥ ಆಡನ್ನು ಇಲ್ಲಿಗೆ ತಂದು ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದರೆ ಪ್ರಾಣಿಗೆ ಹಿಂಸೆ, ನಮಗೆ ನಷ್ಟ.

ಹಾಗಾಗಿ ಉಳಿಯೋದು ಒಂದೇ: ಅಂಗೋರಾ ಆಡು, ಅಂದ್ರ ಮೊಹೇರ್.

ಅಂಗೋರಾ ನಮ್ಮ ಹವೆಗೆ ಬದುಕ್ತದಾ?

ಒಣ ಬಿಸಿಲು ಅಂಗೋರಾಗೆ ಅಷ್ಟು ದೊಡ್ಡ ಶತ್ರು ಅಲ್ಲ. ಜಗತ್ತಿನ ಮೊಹೇರ್‌ನಲ್ಲಿ ಸುಮಾರು ಅರ್ಧ ಬರೋದು ದಕ್ಷಿಣ ಆಫ್ರಿಕಾದಿಂದ, ಅದೂ ಕರೂ ಅನ್ನೋ ಒಣ ಪ್ರದೇಶದಿಂದ. ಅಮೆರಿಕದಲ್ಲಿ ಟೆಕ್ಸಾಸ್ ಇದಕ್ಕೆ ಹೆಸರುವಾಸಿ. ಆ ಲೆಕ್ಕದಲ್ಲಿ ಅಥಣಿ ತಾಲ್ಲೂಕಿನ ಪೂರ್ವದ ಒಣಭೂಮಿ ಪರವಾಗಿಲ್ಲ ಅನ್ನಿಸಬಹುದು.

ತೊಂದರೆ ಇರೋದು ಮಳೆಯಲ್ಲಿ. ಅಂಗೋರಾದ ಕೂದಲು ತಿಂಗಳಿಗೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೀತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿಸಲೇಬೇಕು. ಕತ್ತರಿಸಿದ ಮೊದಲ ಕೆಲವು ವಾರ ಆ ಆಡು ಬರಿಮೈ. ಆಗ ಗಾಳಿಯ ಜೊತೆ ಮಳೆ ಹೊಡೆದರೆ ಮೈ ತಣ್ಣಗಾಗಿ ಸತ್ತೇ ಹೋಗ್ತವೆ. ಇದು ಅಂಗೋರಾ ಸಾಕೋ ದೇಶಗಳಲ್ಲೆಲ್ಲ ಗೊತ್ತಿರೋ ಮಾತು. ನಮ್ಮ ಐದು ತಾಲ್ಲೂಕಿನಲ್ಲಿ ಸಹ್ಯಾದ್ರಿ ಕಡೆಗಿರೋ ನಿಪ್ಪಾಣಿ ಭಾಗಕ್ಕೆ ಮಳೆ ಹೆಚ್ಚು. ಅಲ್ಲಿ ಸೋರದ ಚಪ್ಪರ, ಒಣ ನೆಲ ಇಲ್ಲದೆ ಈ ಮಾತೇ ಎತ್ತೋ ಹಾಗಿಲ್ಲ. ಇತ್ತ ದೂಧಗಂಗಾ, ವೇದಗಂಗಾ, ಕೃಷ್ಣಾ ತೀರದ ಊರುಗಳಲ್ಲಿ ಮಳೆಗಾಲ ಅಂದರೆ ಕಪ್ಪು ಮಣ್ಣಿನ ಕೆಸರು. ಕೆಸರಿನಲ್ಲಿ ಗೊರಸು ಕೊಳೀತದೆ, ಹಸಿ ಹುಲ್ಲಿನಲ್ಲಿ ಜಂತುಹುಳ ಹೆಚ್ಚಾಗ್ತದೆ. ಜಂತುಹುಳಕ್ಕೆ ಅಂಗೋರಾ ಬಹಳ ಬೇಗ ಸೋಲೋ ತಳಿ.

ಎರಡನೆಯ ತೊಂದರೆ ಮೇವು. ಈ ಆಡು ತಿಂದದ್ದನ್ನು ಮೊದಲು ಕೂದಲಿಗೆ ಕೊಡ್ತದೆ, ಆಮೇಲೆ ಮೈಗೆ. ಮೇವು ಕಡಿಮೆಯಾದರೆ ಮೈ ಸೊರಗ್ತದೆ, ಗಬ್ಬದ ಆಡು ಮರಿ ಹಾಕೋ ಮೊದಲೇ ಕಂದು ಹಾಕ್ತದೆ. ಕೂದಲು ಅಂದ್ರ ಪ್ರೋಟೀನು. ನಮ್ಮಲ್ಲಿ ಧಾರಾಳ ಸಿಗೋದು ಕಬ್ಬಿನ ತುದಿಯ ಹಸಿ ಸೋಗೆ. ಹೊಟ್ಟೆ ತುಂಬ್ತದೆ, ಆದರೆ ಅದರಲ್ಲಿ ಪ್ರೋಟೀನು ಕಡಿಮೆ. ಬರೀ ಸೋಗೆಯನ್ನೇ ಹಾಕ್ತಾ ಹೋದರೆ ಅದರಲ್ಲಿರೋ ಆಕ್ಸಲೇಟ್ ಮೈಯ ಸುಣ್ಣದಂಶವನ್ನೂ ಕಟ್ಟಿಹಾಕ್ತದೆ. ಕುದುರೆ ಮಸಾಲೆ, ಚೊಗಚೆ, ಶೇಂಗಾ ಹೊಟ್ಟು, ತೊಗರಿ ಹೊಟ್ಟು ಇಂಥದ್ದು ಜೊತೆಗೆ ಬೇಕೇ ಬೇಕು.

ಸುಬಾಬುಲ್ ಇದೆಯಲ್ಲ ಅಂತೀರಾ? ಅಲ್ಲೊಂದು ತಮಾಷೆ ಇದೆ. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಅನ್ನೋ ಅಂಶ ಇರ್ತದೆ, ಅದು ಹೆಚ್ಚಾದರೆ ಕೂದಲು ಉದುರ್ತದೆ. ಕತ್ತರಿ ಇಲ್ಲದೆ ಕುರಿಯ ಉಣ್ಣೆ ತೆಗೆಯಲು ಅದನ್ನೇ ಬಳಸಬಹುದಾ ಅಂತ ವಿಜ್ಞಾನಿಗಳು ಪ್ರಯೋಗ ಮಾಡಿದ್ದೂ ಉಂಟು. ಕೂದಲಿಗಾಗಿಯೇ ಸಾಕೋ ಆಡಿಗೆ ಕೂದಲು ಉದುರಿಸೋ ಮೇವು ಹಾಕಿದಂಗ ಆಯ್ತು! ಯಾವ ಆಡಿಗಾದರೂ ಸರಿ, ಸುಬಾಬುಲ್ ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ದಾಟದಿರಲಿ.

ಮೂರನೆಯದು ಮುಳ್ಳು. ಬದುವಿನ ಜಾಲಿ, ಬಾರೆ, ಉತ್ತರಾಣಿ ನಮ್ಮ ಆಡಿಗೆ ಲೆಕ್ಕಕ್ಕಿಲ್ಲ. ಅಂಗೋರಾದ ಗುಂಗುರು ಕೂದಲಿಗೆ ಉತ್ತರಾಣಿ ಬೀಜ ಮೆತ್ತಿಕೊಂಡರೆ ಆ ಉಣ್ಣೆಯ ಬೆಲೆ ಅಲ್ಲಿಗೇ ಬಿತ್ತು.

ರಾಹುರಿಯಲ್ಲಿ ಆದ ಪ್ರಯತ್ನ

ಇದನ್ನು ಯಾರೂ ಪ್ರಯತ್ನಿಸಿಯೇ ಇಲ್ಲ ಅಂತಲ್ಲ. ನಮಗೆ ಹತ್ತಿರದ ಮಹಾರಾಷ್ಟ್ರದಲ್ಲೇ ಪ್ರಯತ್ನ ಆಗಿದೆ. ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ರಾಹುರಿಯಲ್ಲಿ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ ಇದೆ. ಅಲ್ಲಿ ಸ್ಥಳೀಯ ಸಂಗಮನೇರಿ ಆಡಿನ ಜೊತೆ ಅಂಗೋರಾ ಹೋತವನ್ನು ಕೂಡಿಸಿ ಮೊಹೇರ್ ಕೊಡೋ ಮಿಶ್ರ ತಳಿ ಮಾಡಲು ವಿಜ್ಞಾನಿಗಳು ವರ್ಷಗಟ್ಟಲೆ ದುಡಿದರು. ಅಂಗೋರಾ ರಕ್ತ ಹೆಚ್ಚಾದಷ್ಟೂ ಕೂದಲು ಮೊಹೇರ್‌ನಂತೆ ಆಗ್ತದೆ ಅನ್ನೋದು ಇದರ ತಳಹದಿ. ಅಮೆರಿಕದಲ್ಲಿ ಪಿಗ್ಮಿ ಆಡಿನ ಜೊತೆ ಅಂಗೋರಾ ಸೇರಿಸಿ ಪೈಗೋರಾ ಮಾಡಿದ್ದೂ ಇದೇ ದಾರಿಯಲ್ಲಿ.

ಆದರೆ ಸಂಶೋಧನಾ ಕೇಂದ್ರದ ಕೊಟ್ಟಿಗೆಯಿಂದ ರೈತನ ದೊಡ್ಡಿಗೆ ಆ ಆಡು ಬಂದು ನೆಲೆಸಲಿಲ್ಲ. ಸಂಗಮನೇರಿ ಆಡನ್ನು ಇವತ್ತಿಗೂ ಜನ ಸಾಕ್ತಿರೋದು ಹಾಲಿಗೆ, ಮಾಂಸಕ್ಕೆ. ಈ ಮಾತು ಯಾಕೆ ಹೇಳ್ತೀನಿ ಅಂದ್ರ, ‘ಅಂಗೋರಾ ಮರಿ ಇದೆ, ಅಡ್ವಾನ್ಸ್ ಹಾಕ್ರಿ’ ಅಂತ ಯಾರಾದರೂ ಫೋನಿನಲ್ಲಿ ಹೇಳಿದರೆ ಸ್ವಲ್ಪ ನಿಲ್ಲಿ. ವಿದೇಶದಿಂದ ಜೀವಂತ ಪ್ರಾಣಿ ತರಿಸಲು ಕೇಂದ್ರ ಸರ್ಕಾರದ ಅನುಮತಿ, ಕ್ವಾರಂಟೈನ್ ಎಲ್ಲ ಬೇಕು. ಸಂತೆಯಲ್ಲಿ ಸಿಗೋ ವಸ್ತು ಅಲ್ಲ ಅದು. ಉದ್ದ ಕೂದಲು ಇದ್ದದ್ದೆಲ್ಲ ಅಂಗೋರಾ ಅಲ್ಲ. ಕೈಯಿಂದ ಕೂದಲು ಬಿಡಿಸಿ ಬುಡ ನೋಡಿ. ಬುಡದಿಂದ ತುದಿವರೆಗೆ ಒಂದೇ ಥರದ, ರೇಷ್ಮೆಯಂಗ ಹೊಳೆಯೋ ಸುರುಳಿ ಇದ್ದರೆ ಮಾತ್ರ ಮುಂದಿನ ಮಾತು. ಹಣ ಕೊಡೋ ಮುಂಚೆ ಪಶುವೈದ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕೊಳ್ಳೋರು ಯಾರು?

ಈಗ ಅವ್ವನ ಪ್ರಶ್ನೆಗೆ ಬರೋಣ. ಚೆನ್ನಾಗಿ ಸಾಕಿದ ಅಂಗೋರಾ ಆಡು ವರ್ಷಕ್ಕೆ ನಾಲ್ಕರಿಂದ ಐದು ಕಿಲೋ ಕೂದಲು ಕೊಡ್ತದೆ. ಎರಡು ಆಡು ಅಂದರೆ ಹೆಚ್ಚೆಂದರೆ ಹತ್ತು ಕಿಲೋ. ನೂಲಿನ ಗಿರಣಿಯವರು ಖರೀದಿ ಮಾಡೋದು ಕ್ವಿಂಟಲ್ ಲೆಕ್ಕದಲ್ಲಿ, ಅದೂ ದರ್ಜೆ ಮಾಡಿದ ಮಾಲನ್ನ. ಮರಿಯ ಕೂದಲು ನಯ, ಅದಕ್ಕೆ ಬೆಲೆ ಹೆಚ್ಚು. ಆಡಿಗೆ ವಯಸ್ಸಾದಂತೆ ಕೂದಲು ದಪ್ಪ ಆಗ್ತದೆ, ಬೆಲೆ ಇಳೀತದೆ. ಹತ್ತು ಕಿಲೋ ಚೀಲ ಹಿಡಿದುಕೊಂಡು ಯಾವ ಗಿರಣಿ ಬಾಗಿಲಿಗೆ ಹೋಗ್ತೀರಿ?

ಹಾಗಾದರೆ ವಿಡಿಯೊದ ಆ ಕುಟುಂಬ ಹೇಗೆ ಬದುಕ್ತದೆ? ಗುಟ್ಟು ಇಷ್ಟೇ. ಅವರು ಕೂದಲು ಮಾರೋದಿಲ್ಲ. ತೊಳೆದು, ಹಿಂಜಿ, ಮನೆಯಲ್ಲೇ ನೂತು, ಬಣ್ಣ ಹಾಕಿ, ನೂಲು ಮಾರ್ತಾರೆ. ಕೈಯಿಂದ ಹೆಣೆಯೋ ಹವ್ಯಾಸದ ಜನ ಅಲ್ಲಿ ಬಹಳ. ಅಂಥ ನೂಲಿಗೆ ಅವರು ಒಳ್ಳೆ ಬೆಲೆ ಕೊಡ್ತಾರೆ. ದುಡ್ಡು ಹುಟ್ಟೋದು ಆಡಿನ ಮೈಮೇಲಲ್ಲ, ನೂಲೋ ಕೈಯಲ್ಲಿ.

ಇದು ನಮಗೆ ಗೊತ್ತಿಲ್ಲದ ಪಾಠವೇನಲ್ಲ. ಅಥಣಿಯ ಚಪ್ಪಲಿಯನ್ನೇ ನೋಡಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಅದು ಸಿಕ್ಕಿತು. ತೊಗಲು ಎಲ್ಲಾ ಊರಲ್ಲೂ ಸಿಗ್ತದೆ. ಅಥಣಿಗೆ ಹೆಸರು ತಂದದ್ದು ಅದನ್ನು ಹದ ಮಾಡಿ, ಹೆಣೆದು, ಹೊಲಿಯೋ ಕೈಗಳು.

ಬಾಗಿಲಲ್ಲೇ ಇರೋ ಉಣ್ಣೆ

ಇನ್ನೊಂದು ವಿಷಯ. ಉಣ್ಣೆ ಹುಡುಕಿಕೊಂಡು ಟರ್ಕಿಗೆ ಹೋಗೋ ನಾವು ನಮ್ಮ ಹೊಲದಾಗ ಬಂದು ಕೂಡೋ ಕರಿ ಕುರಿಯನ್ನ ಮರೆತಿದ್ದೇವೆ. ದಖನಿ ಕುರಿ ಅಂತಾರೆ ಅದಕ್ಕೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಒಣ ಬಯಲಿನ ಕುರಿ. ಕುರುಬರು, ಧನಗರರು ಅದರ ಹಿಂಡು ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಹಿಂಡು ತರುಬಿದರೆ ಗೊಬ್ಬರಕ್ಕೆ ಹಣವೋ ಕಾಳೋ ಕೊಡೋ ಪದ್ಧತಿ ನಮ್ಮಲ್ಲಿ ಹಳೆಯದು. ನಿಪ್ಪಾಣಿಯ ಪಕ್ಕದ ಕಾಗಲ್ ತಾಲ್ಲೂಕಿನ ಯಮಗೆ ಊರಿನ ಬೀರದೇವ ಡೋಣೆ ನೆನಪಿರಬೇಕು ನಿಮಗೆ. ಏಪ್ರಿಲ್ 2025ರಲ್ಲಿ ಯುಪಿಎಸ್‌ಸಿ ಫಲಿತಾಂಶದಲ್ಲಿ 551ನೇ ರ‍್ಯಾಂಕ್ ಬಂದ ಸುದ್ದಿ ಸಿಕ್ಕಾಗ ಅವರು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಕುರಿಗಳ ಜೊತೆ ಇದ್ದರು. ಗಡಿ ದಾಟಿ ಓಡಾಡೋ ಬದುಕು ಅದು.

ದಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸ್ತಾರೆ. ಒಂದು ಕುರಿಗೆ ವರ್ಷಕ್ಕೆ ಅರ್ಧ ಕಿಲೋ ಆಸುಪಾಸು. ಉಣ್ಣೆ ಒರಟು, ಕಪ್ಪು. ಮೈಗೆ ತಾಗೋ ಸ್ವೆಟರ್‌ಗೆ ಆಗಲ್ಲ, ಕಂಬಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎರಡೂವರೆ ಕಿಲೋ ತೂಗೋ ಒಂದು ಕಂಬಳಿ ಅಂದರೆ ಐದು ಕುರಿಗಳ ಒಂದು ವರ್ಷದ ಉಣ್ಣೆ. ಹೆಣ್ಣುಮಕ್ಕಳು ನೂಲ್ತಾರೆ, ಗಂಡಸರು ಗುಂಡಿಮಗ್ಗದಲ್ಲಿ ನೇಯ್ತಾರೆ, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡ್ತಾರೆ. ಮಳೆಯಲ್ಲಿ ತಲೆಗೆ ಗೊಪ್ಪೆ ಹಾಕ್ಕೊಂಡರೆ ನೀರು ಜಾರಿ ಹೋಗ್ತದೆ. ಬೀರದೇವರ ಪೂಜೆಗೂ, ಮದುವೆಗೂ ಕಂಬಳಿ ಗದ್ದುಗೆ ಬೇಕು.

ಇಷ್ಟಿದ್ದೂ ಇವತ್ತು ಬಹಳ ಕಡೆ ಉಣ್ಣೆ ಮಾರಿದ ಹಣದಲ್ಲಿ ಕತ್ತರಿಸೋ ಕೂಲಿಯೂ ಹುಟ್ಟೋದಿಲ್ಲ. ಕತ್ತರಿಸಿ ಅಲ್ಲೇ ಬಿಟ್ಟು ಹೋಗೋದೂ ಇದೆ. ಗಿರಣಿಯ ಅಗ್ಗದ ರಗ್ಗು ಬಂತು, ಪ್ಲಾಸ್ಟಿಕ್ ಕೊಪ್ಪೆ ಬಂತು, ಮಗ್ಗದ ಮುಂದೆ ಕೂಡೋ ಮಕ್ಕಳು ಕಡಿಮೆಯಾದರು. ಕುರಿಗಾರರೂ ಮಾಂಸಕ್ಕೆ ಬೆಲೆ ಬರೋ, ಉಣ್ಣೆ ಕಡಿಮೆ ಇರೋ ತಳಿಗಳ ಕಡೆ ಹೊರಳಿದರು. ಅಥಣಿ ಗಡಿಯಾಚೆ, ಜತ್ತ ತಾಲ್ಲೂಕಿನ ಮಾಡಗ್ಯಾಳ ಕುರಿಗೆ ಇರೋ ಬೇಡಿಕೆ ನಿಮಗೇ ಗೊತ್ತು.

ಈಗ ಯೋಚನೆ ಮಾಡ್ರಿ. ನೂರಾರು ವರ್ಷಗಳಿಂದ ಸಾಕೋರು, ನೂಲೋರು, ನೇಯೋರು ಎಲ್ಲ ಇದ್ದ ಉಣ್ಣೆಗೇ ಈ ಗತಿ. ಇದ್ಯಾವುದೂ ಇಲ್ಲದ ಮೊಹೇರ್‌ಗೆ ಎರಡು ಆಡಿನಿಂದ ಮಾರುಕಟ್ಟೆ ಹುಟ್ಟಿಸೋದು ಒಂದು ಮನೆಯ ಕೈಲಾಗೋ ಕೆಲಸವಾ?

ಹಾಗಾದ್ರ ಏನು ಮಾಡೋದು?

ಆಸೆ ಬಿಡಿ ಅಂತ ನಾನು ಹೇಳೋದಿಲ್ಲ. ಕ್ರಮ ಬದಲಿಸಿ ಅಂತೀನಿ. ಮೊದಲು ಕೈ, ಆಮೇಲೆ ಉಣ್ಣೆ, ಪ್ರಾಣಿ ಕೊನೆಗೆ.

ಮೊದಲ ಹೆಜ್ಜೆ: ಊರಿಗೆ ಹಿಂಡು ಬಂದಾಗ ಕುರಿಗಾರರ ಹತ್ತಿರ ಎರಡು ಕಿಲೋ ಉಣ್ಣೆ ಕೇಳಿ ತಗೊಳ್ಳಿ, ಹಣ ಕೊಟ್ಟೇ ತಗೊಳ್ಳಿ. ತೊಳೆಯಿರಿ, ಹಿಂಜಿ, ನೂಲಲು ಕಲೀರಿ. ಹತ್ತಿರದಲ್ಲಿ ಕಂಬಳಿ ನೇಯೋ ಹಿರಿಯರಿದ್ದರೆ ಅವರ ಮುಂದೆ ಹೋಗಿ ಕೂಡ್ರಿ. ಮೂರು ತಿಂಗಳಲ್ಲಿ ಮನೆಯವರಿಗೆ ಈ ಕೆಲಸ ಹಿಡಿಸ್ತದೋ ಇಲ್ಲವೋ ಗೊತ್ತಾಗ್ತದೆ. ಚೀಲ, ಆಸನ, ಕಾಲೊರಸು ಏನೋ ಒಂದು ಮಾಡಿ ಹತ್ತು ಜನರಿಗೆ ಮಾರಿ ನೋಡಿ. ಅದು ಮಾರಾಟ ಆದರೆ ನಿಮಗೆ ಆಡೇ ಬೇಡ, ಉಣ್ಣೆ ಬಾಗಿಲಿಗೇ ಬರ್ತದೆ. ಆಗದಿದ್ದರೆ ಹೋದದ್ದು ಎರಡು ಕಿಲೋ ಉಣ್ಣೆಯ ಹಣ ಮಾತ್ರ, ಕಬ್ಬಿನ ಬಿಲ್ಲಲ್ಲ. ಉಳಿದ ಉಣ್ಣೆಯೂ ಹಾಳಾಗಲ್ಲ. ಹಸಿ ಉಣ್ಣೆಯ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಸಾರಜನಕ. ದ್ರಾಕ್ಷಿ, ದಾಳಿಂಬೆ, ಹಿತ್ತಲ ನಿಂಬೆಗಿಡದ ಬುಡಕ್ಕೆ ಹಾಸಿ ಮೇಲೆ ಮಣ್ಣು ಮುಚ್ಚಿದರೆ ತೇವ ಹಿಡೀತದೆ, ನಿಧಾನ ಕೊಳೆತು ಗೊಬ್ಬರ ಆಗ್ತದೆ.

ಎರಡನೆಯ ಹೆಜ್ಜೆ: ಆಡು ತರಬೇಕು ಅನ್ನಿಸಿದರೆ ನಮ್ಮ ಹವೆಗೆ ಒಗ್ಗಿದ ಉಸ್ಮಾನಾಬಾದಿ ಅಥವಾ ಸಂಗಮನೇರಿ ತನ್ನಿ. ಅವಳಿ ಮರಿ, ಮನೆ ಮಟ್ಟಿಗೆ ಹಾಲು, ಹಿಕ್ಕೆ ಗೊಬ್ಬರ, ಇವು ಖಚಿತ ಆದಾಯ. ಒಂಟಿ ಆಡು ತರಬೇಡಿ, ಕನಿಷ್ಠ ಎರಡಿರಲಿ. ಒಂಟಿಯಾದ್ರ ಅದು ಒದರ್ತದೆ, ಸರಿಯಾಗಿ ಮೇಯೋದಿಲ್ಲ. ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆ, ಜೊತೆಗೆ ಪಿಪಿಆರ್ ಅಂದ್ರ ಹಿರೇಬೇನೆಯ ಲಸಿಕೆ ಹಾಕಿಸಿ. ಕುರಿ ಆಡು ಎರಡೂ ಇದ್ದರೆ ಖನಿಜ ಪುಡಿ ಬೇರೆ ಬೇರೆ ಇರಲಿ. ಆಡಿಗೆ ಬೇಕಾದಷ್ಟು ತಾಮ್ರದಂಶ ಕುರಿಗೆ ವಿಷ ಆಗಬಹುದು. ತುರ್ತಿಗೆ ಪಶು ಸಂಜೀವಿನಿಯ 1962 ನಂಬರ್ ನೆನಪಿರಲಿ.

ಸಬ್ಸಿಡಿ ಕೇಳಿದರೆ, ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ-ಆಡು ಘಟಕಕ್ಕೆ ಶೇ 50 ಬಂಡವಾಳ ನೆರವು ಇದೆ. ಆದರೆ ಅದು ಶುರು ಆಗೋದೇ 100 ಹೆಣ್ಣು, 5 ಗಂಡಿನಿಂದ. ಎರಡೆಕರೆ ಮನೆಗೆ ಅಷ್ಟು ಮೇವಿಲ್ಲ, ಅಷ್ಟು ಕೈಯೂ ಇಲ್ಲ. ಸಬ್ಸಿಡಿಗೆ ಅಂತ ಹಿಂಡು ಕಟ್ಟಬೇಡಿ. ಉಣ್ಣೆ, ನೇಯ್ಗೆ ತರಬೇತಿ ಬಗ್ಗೆ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವನ್ನು ವಿಚಾರಿಸಿ.

ಮೂರನೆಯ ಹೆಜ್ಜೆ: ಇಷ್ಟೆಲ್ಲ ಆಗಿ, ನೂಲು ಮಾರಾಟ ಆಗ್ತಾ ಇದೆ, ಇನ್ನೂ ನಯವಾದ ಉಣ್ಣೆ ಬೇಕು ಅಂತ ಕೊಳ್ಳೋರೇ ಕೇಳ್ತಿದ್ದಾರೆ ಅಂದಾಗ ಮೊಹೇರ್ ಮಾತು ಎತ್ತಿ. ಒಂದು ಮನೆಯಿಂದಲ್ಲ, ಹತ್ತು ಮನೆ ಸೇರಿ. ಆಗ ಕತ್ತರಿ ಒಂದೇ, ಚೀಲ ದೊಡ್ಡದು, ಗಿರಣಿಯವರ ಹತ್ತಿರ ಮಾತಾಡೋ ಬಾಯಿಯೂ ದೊಡ್ಡದು.

ರಾಯಬಾಗದ ಆ ಮನೆಗೆ ಮರಳಿ ಹೋಗೋಣ. ಮಗ ಕೇಳಿದ್ದು ತಪ್ಪಲ್ಲ, ಅವ್ವ ಕೇಳಿದ್ದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಈ ಸುಗ್ಗಿಗೆ ಕುರಿ ಹಿಂಡು ಹೊಲಕ್ಕೆ ಬಂದಾಗ ಗೊಬ್ಬರದ ಮಾತು ಮುಗಿಸಿ ಸುಮ್ಮನಾಗಬೇಡಿ. ಉಣ್ಣೆ ಏನು ಮಾಡ್ತೀರಿ ಅಂತ ಅವರನ್ನೊಮ್ಮೆ ಕೇಳಿ ನೋಡ್ರಿ.

ನಿಮ್ಮ ಮನೆಯಲ್ಲಿ ಹಳೆಯ ಕರಿ ಕಂಬಳಿ ಇದ್ದರೆ, ಅದನ್ನು ನೂತವರು ಯಾರು, ನೇಯ್ದವರು ಯಾರು ಅನ್ನೋದು ಗೊತ್ತಿದ್ದರೆ ನಮಗೆ ಹೇಳಿ.